ಬ್ಯಾಂಕ್ ಕೆಲಸ ಬಿಟ್ಟು ಆರ್‌ಬಿಐ ಪರೀಕ್ಷೆಗೆ ಓದಲೇ?

ಪ್ರಶ್ನೆ: ಮೇಡಂ, ನನಗೆ 28 ವರ್ಷ, ಹಾವೇರಿ ಜಿಲ್ಲೆಯವಳು, ಸಾಮಾನ್ಯ ವರ್ಗ. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬಿ.ಕಾಂನಲ್ಲಿ ಶೇ 57, ಎಂ.ಕಾಂನಲ್ಲಿ ಶೇ 64 ಅಂಕ ಬಂದಿವೆ. 25ನೇ ವಯಸ್ಸಿಗೆ ಸರ್ಕಾರಿ ಬ್ಯಾಂಕೊಂದರಲ್ಲಿ ಪಿಒ (ಪ್ರೊಬೇಷನರಿ ಅಧಿಕಾರಿ) ಆಗಿ ಸೇರಿದೆ. ಪ್ರೊಬೇಷನ್ ಮುಗಿದು ಒಂದು ವರ್ಷವಾಯಿತು. ಈಗ ತೆಲಂಗಾಣದ ಶಾಖೆಯೊಂದರಲ್ಲಿ ಸಾಲದ ಡೆಸ್ಕ್ ನೋಡಿಕೊಳ್ಳುತ್ತಿದ್ದೇನೆ. ಮೂರು ವರ್ಷದ ಹಿಂದೆ ನಮ್ಮೂರಿನ ಪತ್ತಿನ ಸೌಹಾರ್ದ ಸಹಕಾರಿಯೊಂದು ಬಾಗಿಲು ಹಾಕಿತು. ನಮ್ಮಜ್ಜಿ ಹೂ ಮಾರಿ, ದಿನಾ ಪಿಗ್ಮಿ ಕಟ್ಟಿ, ಕೂಡಿಸಿ ಎಫ್‌ಡಿ ಮಾಡಿಸಿದ್ದ 3 ಲಕ್ಷ ರೂಪಾಯಿ ಇವತ್ತಿಗೂ ಕೈಸೇರಿಲ್ಲ. ಆರ್‌ಬಿಐ ಆಗ ಏನು ಮಾಡುತ್ತಿತ್ತು ಎಂಬ ಸಿಟ್ಟು ಇನ್ನೂ ಆರಿಲ್ಲ. ನಿಯಮ ಮಾಡುವವರ ಜಾಗಕ್ಕೇ ಹೋಗಿ ಕೂರಬೇಕು ಅನ್ನಿಸಿದೆ. ರಾಜೀನಾಮೆ ಕೊಟ್ಟು ಹೈದರಾಬಾದಿನಲ್ಲಿ ಕೋಚಿಂಗ್ ಸೇರು ಎನ್ನುತ್ತಾಳೆ ಗೆಳತಿ. ಕೆಎಎಸ್ ಬರೆ ಎನ್ನುತ್ತಾರೆ ಅಪ್ಪ. 'ಆರ್‌ಬಿಐನ ಗ್ರೇಡ್ ಬಿ ಅಧಿಕಾರಿ ಹುದ್ದೆ ಎಲ್ಲ ಐಐಟಿ, ಐಐಎಂನವರಿಗೆ. ಶೇ 57ಕ್ಕೆ ಅರ್ಜಿ ಹಾಕಲೂ ಬರುವುದಿಲ್ಲ' ಎನ್ನುತ್ತಾರೆ ನಮ್ಮ ಮ್ಯಾನೇಜರ್. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ಮನಸ್ಸಿಗೆ ಮೊದಲು ನಾಟಿದ್ದು ಅಜ್ಜಿಯ ಪಿಗ್ಮಿಯ ಮಾತು. ಪರೀಕ್ಷೆಯ ಚಿಂತೆಯೆಲ್ಲ ಅದರ ಹಿಂದಿನಿಂದ ಬಂದದ್ದು. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಹೋಗಿ ತಟ್ಟಬೇಕಾದ ಬಾಗಿಲು ಬೇರೆ. ಪತ್ತಿನ ಸೌಹಾರ್ದ ಸಹಕಾರಿಗಳು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಣಿಯಾದವು. ಅವುಗಳ ಮೇಲಿನ ಅಧಿಕಾರ ರಾಜ್ಯದ ಸಹಕಾರ ಇಲಾಖೆಯ ನಿಬಂಧಕರದ್ದು. ಆರ್‌ಬಿಐ ಪರವಾನಗಿ ಇಲ್ಲದ ಇಂಥ ಸಂಸ್ಥೆಯ ಲೆಕ್ಕಪುಸ್ತಕವನ್ನು ಆರ್‌ಬಿಐ ಅಧಿಕಾರಿ ಹೋಗಿ ತೆರೆಸಲು ಬರುವುದಿಲ್ಲ. 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಬಂದು ಆರ್‌ಬಿಐ ಕೈ ಬಲವಾಯಿತು ನಿಜ, ಆದರೆ ಅದು ಪರವಾನಗಿ ಪಡೆದ ಸಹಕಾರ ಬ್ಯಾಂಕುಗಳ ಮಟ್ಟಿಗೆ. ಸಹಕಾರ ಸಂಘಗಳು ಹೆಸರಿನಲ್ಲಿ 'ಬ್ಯಾಂಕ್' ಎಂದು ಹಾಕಿಕೊಳ್ಳುವಂತಿಲ್ಲ, ಅವುಗಳಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಇಲ್ಲ ಎಂದು 2021ರ ನವೆಂಬರಿನಲ್ಲಿ ಆರ್‌ಬಿಐ ಸಾರ್ವಜನಿಕ ಎಚ್ಚರಿಕೆಯನ್ನೂ ಹೊರಡಿಸಿತ್ತು. ಅದು ನಿಮ್ಮೂರಿನ ಹೂವಿನ ಸಂತೆಗೆ ತಲುಪಿರಲಿಕ್ಕಿಲ್ಲ. ಅದೇ 3 ಲಕ್ಷ ಪರವಾನಗಿ ಇದ್ದ ಸಹಕಾರ ಬ್ಯಾಂಕಿನಲ್ಲಿ ಇದ್ದಿದ್ದರೆ 5 ಲಕ್ಷದವರೆಗಿನ ಠೇವಣಿ ವಿಮೆಯೊಳಗೆ ಬರುತ್ತಿತ್ತು. ಬ್ಯಾಂಕಿನ ವ್ಯವಹಾರಕ್ಕೆ ನಿರ್ಬಂಧ ಬಿದ್ದರೆ 90 ದಿನದೊಳಗೆ ಆ ಹಣ ಕೊಡಬೇಕೆಂದು 2021ರ ತಿದ್ದುಪಡಿ ಹೇಳುತ್ತದೆ.

ಇಷ್ಟನ್ನೂ ವಿವರಿಸಿದ್ದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಹಣಕಾಸು ನಿಯಂತ್ರಣ ಒಬ್ಬರ ಕೈಯಲ್ಲಿಲ್ಲ. ಬ್ಯಾಂಕು ಆರ್‌ಬಿಐಗೆ ಸೇರಿದ್ದು, ಷೇರುಪೇಟೆ ಸೆಬಿಗೆ. ವಿಮೆ ನೋಡಿಕೊಳ್ಳುವ ಐಆರ್‌ಡಿಎಐ ಹೈದರಾಬಾದಿನಲ್ಲಿದೆ, ಪಿಂಚಣಿಯ ಪಿಎಫ್‌ಆರ್‌ಡಿಎ ದೆಹಲಿಯಲ್ಲಿದೆ. ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕುಗಳ ತಪಾಸಣೆ ನಬಾರ್ಡ್‌ನದು. ಸಹಕಾರ ಸಂಘಗಳು ರಾಜ್ಯ ಸರ್ಕಾರದ ಕೆಳಗೆ ಬರುತ್ತವೆ. 'ನೀತಿ ರೂಪಿಸುವ ಕೆಲಸ ಬೇಕು' ಎಂದು ಯಾರಾದರೂ ಬಂದಾಗ ನಾನು ಕೇಳುವುದು ಒಂದೇ: ಯಾವುದನ್ನು ಸರಿ ಮಾಡಬೇಕು ಅನ್ನಿಸಿದೆ, ಅದರ ಕಾನೂನು ಯಾರ ಕೈಯಲ್ಲಿದೆ? ಇದನ್ನು ವಿಚಾರಿಸದೆ ಹುದ್ದೆಯ ಹೆಸರು, ಸಂಬಳ ನೋಡಿ ಹೊರಟವರು ಐದಾರು ವರ್ಷಕ್ಕೆ ಮಂಕಾಗಿದ್ದನ್ನು ಕಂಡಿದ್ದೇನೆ.

ಇನ್ನು ನಿಮ್ಮ ಮ್ಯಾನೇಜರ್ ಹೇಳಿದ್ದಕ್ಕೆ ಬರೋಣ. ಶೇ 57ಕ್ಕೆ ಅರ್ಜಿ ಹಾಕಲು ಬರುವುದಿಲ್ಲ ಎಂಬುದು ತಪ್ಪು. ಗ್ರೇಡ್ ಬಿ ಸಾಮಾನ್ಯ ವಿಭಾಗಕ್ಕೆ ಪದವಿಯಲ್ಲಿ ಶೇ 60 ಬೇಕು, ಇಲ್ಲವೇ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಇದ್ದರೂ ಸಾಕು. ನಿಮ್ಮ ಎಂ.ಕಾಂ ಅಂಕ ಅದನ್ನು ದಾಟಿದೆ. ಸೆಬಿಯ ಗ್ರೇಡ್ ಎ ಸಾಮಾನ್ಯ ವಿಭಾಗಕ್ಕೂ ಯಾವುದೇ ವಿಷಯದ ಸ್ನಾತಕೋತ್ತರ ಪದವಿ ನಡೆಯುತ್ತದೆ. ಐಐಟಿ, ಐಐಎಂನವರಿಗೆ ಮೀಸಲು ಎಂಬುದಂತೂ ಬರೀ ಮಾತು. ನಾನು ಆರ್‌ಬಿಐನಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡಿದವರಲ್ಲಿ ಕೃಷಿ ಪದವೀಧರರಿದ್ದರು, ಇತಿಹಾಸ ಓದಿದವರಿದ್ದರು, ಹತ್ತು ವರ್ಷ ಶಾಖೆಗಳಲ್ಲಿ ದುಡಿದು ಬಂದವರೂ ಇದ್ದರು.

ಆದರೆ ಸ್ಪರ್ಧೆ ಎಷ್ಟು ಬಿಗಿ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಆರ್‌ಬಿಐ 2023ರಲ್ಲಿ ಕರೆದದ್ದು 291 ಗ್ರೇಡ್ ಬಿ ಹುದ್ದೆ. ಮರುವರ್ಷ ಅದು 94ಕ್ಕೆ ಇಳಿಯಿತು. 2025ರಲ್ಲಿ 120 ಬಂದವು, ಅವುಗಳಲ್ಲಿ ಸಾಮಾನ್ಯ ವಿಭಾಗದ್ದು 83. ಉಳಿದವು ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದವರಿಗೆ. ಇಡೀ ದೇಶಕ್ಕೆ 83. ಚೆನ್ನಾಗಿ ಓದಿದವರೂ ಹುದ್ದೆ ಕಡಿಮೆ ಇದ್ದ ವರ್ಷ ಹೊರಗುಳಿಯುತ್ತಾರೆ. ಅದು ಅವರ ಅಸಾಮರ್ಥ್ಯವಲ್ಲ. ಇಂಥ ಏರಿಳಿತ ಇರುವ ಪರೀಕ್ಷೆಗೆ ಕೈಯಲ್ಲಿರುವ ಕೆಲಸ ಬಿಟ್ಟು ಕೂರಬೇಡಿ.

ಬಿಡಬಾರದು ಎನ್ನಲು ಇನ್ನೂ ಗಟ್ಟಿ ಕಾರಣವೊಂದಿದೆ. ನಿಮ್ಮ ಗೆಳತಿಗೆ ಇದು ಗೊತ್ತಿರಲಿಕ್ಕಿಲ್ಲ. ಗ್ರೇಡ್ ಬಿಗೆ ವಯೋಮಿತಿ 30. ಆದರೆ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಪೂರೈಸಿದ ಪ್ರತಿ ವರ್ಷಕ್ಕೆ ಒಂದು ವರ್ಷದಂತೆ, ಹೆಚ್ಚೆಂದರೆ ಮೂರು ವರ್ಷ ಸಡಿಲಿಕೆ ಸಿಗುತ್ತದೆ. ಒಟ್ಟು ವಯಸ್ಸು 33 ಮೀರಬಾರದು, ಪ್ರೊಬೇಷನ್ ಅವಧಿ ಲೆಕ್ಕಕ್ಕಿಲ್ಲ. ಅಂದರೆ ಇವತ್ತು ನಿಮ್ಮ ಖಾತೆಯಲ್ಲಿರುವುದು ಒಂದು ವರ್ಷ, ಮಿತಿ 31. ಇನ್ನೆರಡು ವರ್ಷ ಇದೇ ಕೆಲಸದಲ್ಲಿದ್ದರೆ 33ರವರೆಗೂ ಬರೆಯಬಹುದು. ಈಗಲೇ ರಾಜೀನಾಮೆ ಕೊಟ್ಟರೆ ಸಂಬಳದ ಜೊತೆಗೆ ಆ ಎರಡು ವರ್ಷಗಳೂ ಹೋಗುತ್ತವೆ. ಪ್ರತಿ ವರ್ಷದ ಅಧಿಸೂಚನೆಯಲ್ಲಿ ಈ ಭಾಗವನ್ನು ಒಂದಕ್ಷರ ಬಿಡದೆ ಓದಿ. ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯುವುದನ್ನೂ, ಸೇರುವಾಗ ಬರೆದುಕೊಟ್ಟ ಬಾಂಡ್ ಏನಾದರೂ ಇದ್ದರೆ ಅದರ ಷರತ್ತುಗಳನ್ನೂ ಮೊದಲೇ ವಿಚಾರಿಸಿಡಿ. ಸಾಮಾನ್ಯ ವರ್ಗದವರಿಗೆ ಮೊದಲ ಹಂತ ಬರೆಯಲು ಆರೇ ಅವಕಾಶ ಎಂಬುದೂ ನೆನಪಿರಲಿ. 'ಸುಮ್ಮನೆ ನೋಡಿ ಬರೋಣ' ಎಂದು ಹೋದರೂ ಒಂದು ಅವಕಾಶ ಖರ್ಚಾಗುತ್ತದೆ. ಸೆಬಿಯಲ್ಲಿ ಸಾಮಾನ್ಯ ವರ್ಗಕ್ಕೆ 30 ಎಂದರೆ 30. ಆ ಪರೀಕ್ಷೆ ಬರೆಯುವುದಾದರೆ ಈ ಎರಡು ವರ್ಷದಲ್ಲೇ ಬರೆಯಿರಿ.

ನಿಮ್ಮ ಪತ್ರದಲ್ಲಿ ನನಗೆ ಬೇಸರ ತರಿಸಿದ ಸಂಗತಿ ಒಂದಿತ್ತು. ಸಾಲದ ಡೆಸ್ಕಿನ ಕೆಲಸವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳವೇ ಅದು. ಒಂದು ಪ್ರಸಂಗ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಾವು ನಾಲ್ವರು ಸಣ್ಣ ಬ್ಯಾಂಕೊಂದರ ತಪಾಸಣೆಗೆ ಹೋಗಿದ್ದೆವು. ಅನುತ್ಪಾದಕ ಸಾಲದ, ಅಂದರೆ ಮರುಪಾವತಿ ನಿಂತ ಸಾಲದ, ಪ್ರಮಾಣ ನೋಡಿದರೆ ಎಲ್ಲವೂ ಚೊಕ್ಕ. ನಾವು ಮೂವರು ಅನುಪಾತಗಳನ್ನು ನೋಡುತ್ತ ಕೂತಿದ್ದೆವು. ನಾಲ್ಕನೆಯವರು, ಆರು ವರ್ಷ ಶಾಖೆಯಲ್ಲಿ ಕೆಲಸ ಮಾಡಿ ಬಂದವರು, ಖಾತೆಗಳ ತಾರೀಖು ನೋಡುತ್ತಿದ್ದರು. ಮಾರ್ಚ್ 31ಕ್ಕೆ ಪೂರ್ತಿ ತೀರಿದ ಸಾಲ, ಏಪ್ರಿಲ್ ಮೊದಲ ವಾರದಲ್ಲಿ ಅದೇ ಮನೆಯ ಇನ್ನೊಬ್ಬರ ಹೆಸರಿಗೆ ಅಷ್ಟೇ ಮೊತ್ತದ ಹೊಸ ಸಾಲ. ಒಂದಲ್ಲ, ಹತ್ತಾರು ಖಾತೆಗಳಲ್ಲಿ ಇದೇ ಕಥೆ. 'ವರ್ಷದ ಕೊನೆಗೆ ಶಾಖೆಯಲ್ಲಿ ಏನೇನು ನಡೆಯುತ್ತದೆ ಅಂತ ಅಲ್ಲಿ ಕೂತವರಿಗೇ ಗೊತ್ತು' ಎಂದಷ್ಟೇ ಹೇಳಿ ಅವರು ಪಟ್ಟಿ ಮಾಡತೊಡಗಿದರು. ಹಳೆಯ ಸಾಲವನ್ನು ಹೊಸ ಸಾಲದಿಂದ ಮುಚ್ಚುವ ಆಟವನ್ನು ಪುಸ್ತಕದಲ್ಲಿ ಓದಿದ್ದ ನಮಗೆ ಅದು ಕಣ್ಣೆದುರಿಗಿದ್ದರೂ ಕಂಡಿರಲಿಲ್ಲ. ನೀವು ದಿನವೂ ನೋಡುವ ಸಾಲದ ಕಡತಗಳಲ್ಲಿ ಏನು ತಪ್ಪಾಗುತ್ತದೆ, ಯಾವ ನಿಯಮ ಕಾಗದದ ಮೇಲಷ್ಟೇ ಉಳಿಯುತ್ತದೆ, ಯಾವ ನಿಯಮದಿಂದ ಬಡವರಿಗೆ ಸಾಲ ತಪ್ಪುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಿರಾಕಿಗಳ ಹೆಸರು, ಖಾತೆ ವಿವರ ಮಾತ್ರ ಅದರಲ್ಲಿ ಬರಕೂಡದು. 75 ಅಂಕದ ಸಂದರ್ಶನದಲ್ಲಿ ಇದರಷ್ಟು ನೆರವಿಗೆ ಬರುವುದು ಬೇರೊಂದಿಲ್ಲ.

ನಿಯಮ ಮಾಡುವವರ ಜಾಗ ಎಂದಿರಲ್ಲ, ಒಳಗೆ ಹೋದ ಮೇಲೆ ಅದು ಹೇಗಿರುತ್ತದೆ ಎಂಬುದನ್ನೂ ಕೇಳಿಸಿಕೊಳ್ಳಿ. ಸೇರಿದ ಕೂಡಲೇ ರೆಪೊ ದರ ನಿರ್ಧರಿಸುವ ಸಭೆಗೆ ಯಾರೂ ಕರೆಯುವುದಿಲ್ಲ. ಅದು 2016ರಿಂದ ಆರು ಸದಸ್ಯರ ಹಣಕಾಸು ನೀತಿ ಸಮಿತಿಯ ಕೆಲಸ. ನಿಮ್ಮನ್ನು ನೋಟು ವಿತರಣೆಗೆ ಹಾಕಬಹುದು, ವಿದೇಶಿ ವಿನಿಮಯಕ್ಕೆ ಹಾಕಬಹುದು, ಓಂಬುಡ್ಸ್‌ಮನ್ ಕಚೇರಿಯಲ್ಲಿ ಗ್ರಾಹಕರ ದೂರು ಓದಲು ಕೂರಿಸಬಹುದು. ಇಲಾಖೆ ನೀವು ಕೇಳಿದ್ದೇ ಸಿಗುತ್ತದೆಂಬ ಖಾತ್ರಿ ಇಲ್ಲ. ಮೊದಲ ವರ್ಷಗಳ ಮುಖ್ಯ ಕೆಲಸವೆಂದರೆ ಓದುವುದು, ಟಿಪ್ಪಣಿ ಬರೆಯುವುದು, ಮೇಲಿನವರು ಕೆಂಪು ಗೆರೆ ಎಳೆದು ಕಳಿಸಿದ್ದನ್ನು ಮತ್ತೆ ಬರೆಯುವುದು. ನನ್ನ ಟಿಪ್ಪಣಿಯೊಂದು ಏಳು ಸಲ ವಾಪಸ್ ಬಂದಿತ್ತು. ಎಂಟನೆಯ ಸಲ ಒಪ್ಪಿಗೆಯಾದಾಗ ಅದರಲ್ಲಿ ನನ್ನ ವಾಕ್ಯ ಎರಡೇ ಉಳಿದಿದ್ದವು. ಆ ಎರಡು ವಾಕ್ಯ ಸುತ್ತೋಲೆಯಲ್ಲಿ ಅಚ್ಚಾಗಿ ದೇಶದ ಎಲ್ಲ ಶಾಖೆಗೂ ಹೋದ ದಿನದ ಸಂತೋಷ ಇವತ್ತಿಗೂ ಹಸಿರಾಗಿದೆ. ಅಷ್ಟಕ್ಕೆ ಸಂತೋಷಪಡುವ ಸ್ವಭಾವ ಇದ್ದರೆ ಈ ಕೆಲಸ ಒಗ್ಗುತ್ತದೆ. ಎದುರಿಗೆ ನಿಂತವರ ಕಷ್ಟ ಅಂದೇ ಬಗೆಹರಿಯಬೇಕು ಎನ್ನುವ ಸ್ವಭಾವದವರಿಗೆ ಉಸಿರು ಕಟ್ಟುತ್ತದೆ.

ನೀತಿ ಎಷ್ಟು ನಿಧಾನವಾಗಿ ಮೈದಳೆಯುತ್ತದೆ ನೋಡಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ಷೇರುಪೇಟೆಯ ಒಪ್ಪಂದಗಳ ವಹಿವಾಟಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಸಾಮಾನ್ಯ ಹೂಡಿಕೆದಾರರು ಕಳೆದುಕೊಳ್ಳುತ್ತಿದ್ದಾರೆಂದು ಸೆಬಿಯ ಅಧ್ಯಯನ 2023ರ ಜನವರಿಯಲ್ಲೇ ಹೇಳಿತು. 2024ರ ಜುಲೈನಲ್ಲಿ ಸಮಾಲೋಚನಾ ಪತ್ರ ಬಂತು. ಸೆಪ್ಟೆಂಬರಿನಲ್ಲಿ ಇನ್ನೊಂದು ಅಧ್ಯಯನ ಬಂತು: ಮೂರು ವರ್ಷದಲ್ಲಿ ಶೇ 93ರಷ್ಟು ಮಂದಿಗೆ ನಷ್ಟ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕನಿಷ್ಠ ಕಾಂಟ್ರ್ಯಾಕ್ಟ್ ಮೊತ್ತವನ್ನು 15 ಲಕ್ಷಕ್ಕೆ ಏರಿಸಿ, ವಾರಕ್ಕೊಮ್ಮೆ ಅವಧಿ ಮುಗಿಯುವ ಒಪ್ಪಂದಗಳನ್ನು ಎಕ್ಸ್‌ಚೇಂಜಿಗೆ ಒಂದು ಸೂಚ್ಯಂಕದಂತೆ ಮಿತಿಗೊಳಿಸಿದ ಸುತ್ತೋಲೆ ಹೊರಬಿದ್ದದ್ದು ಆಮೇಲೆ, ಅಕ್ಟೋಬರಿನಲ್ಲಿ. ಠೇವಣಿ ವಿಮೆಯದ್ದು ಇದಕ್ಕಿಂತ ದೀರ್ಘ ಕಥೆ. 1993ರಲ್ಲಿ 1 ಲಕ್ಷವಾಗಿದ್ದ ಮಿತಿ 5 ಲಕ್ಷಕ್ಕೇರಿದ್ದು 2020ರ ಫೆಬ್ರುವರಿಯಲ್ಲಿ. ಅದೂ ದೊಡ್ಡ ಸಹಕಾರ ಬ್ಯಾಂಕು ಮುಗ್ಗರಿಸಿ ಠೇವಣಿದಾರರು ಬೀದಿಗೆ ಬಂದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ಜನ ಬೈದರೆ ತಪ್ಪಲ್ಲ. ಆದರೆ ಬಾಗಿಲನ್ನು ಮುಂಚೆಯೇ ಹಾಕಿಸಬೇಕು ಎಂದು ವರ್ಷಗಟ್ಟಲೆ ಟಿಪ್ಪಣಿ ಬರೆಯುವವರು ಒಳಗೆ ಇರುತ್ತಾರೆ, ಇರಬೇಕು. ನಿಮ್ಮಂಥವರು ಅಲ್ಲಿಗೆ ಬರಲಿ ಎಂಬ ಆಸೆ ನನಗಿರುವುದು ಅದಕ್ಕೇ.

ಎಷ್ಟು ಮೇಲೇರಬಹುದು ಎಂಬ ಬಗ್ಗೆಯೂ ಒಂದು ಮಾತು. ಕಾನೂನಿನ ಪ್ರಕಾರ ಆರ್‌ಬಿಐಗೆ ನಾಲ್ವರು ಡೆಪ್ಯುಟಿ ಗವರ್ನರ್‌ಗಳು. ರೂಢಿಯಂತೆ ಅವರಲ್ಲಿ ಇಬ್ಬರು ಒಳಗಿನಿಂದ ಬೆಳೆದವರು. ಸಂಸ್ಥೆಯ ಸಿಬ್ಬಂದಿಯಾಗಿ ಸೇರಿ ಗವರ್ನರ್ ಆದವರು ಎಂ. ನರಸಿಂಹಂ, ಅದು 1977ರಲ್ಲಿ, ಏಳು ತಿಂಗಳ ಮಟ್ಟಿಗೆ. ಸಂಬಳ ಚೆನ್ನಾಗಿದೆ. 2025ರ ಅಧಿಸೂಚನೆಯಲ್ಲಿ ಆರಂಭದ ಮೂಲವೇತನ 78,450 ರೂಪಾಯಿ. ಇದರ ಬದಲಿಗೆ ಕೊಡಬೇಕಾದದ್ದು ಊರಿನ ಸಾಮೀಪ್ಯ. ಕರ್ನಾಟಕದಲ್ಲಿ ಆರ್‌ಬಿಐ ಕಚೇರಿ ಎಂದರೆ ಬೆಂಗಳೂರಿನ ನೃಪತುಂಗ ರಸ್ತೆಯದ್ದು. ಸೆಬಿಯಲ್ಲಿ ಬಹುಪಾಲು ಹುದ್ದೆ ಮುಂಬೈಯಲ್ಲಿ. ನನ್ನ ಮಗ ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಮೂರು ಊರು ನೋಡಿದ್ದ. ತಂದೆ-ತಾಯಿಯನ್ನು ನೋಡಿಕೊಳ್ಳುವ ಹೊಣೆ ನಿಮ್ಮೊಬ್ಬರ ಮೇಲಿದ್ದರೆ ಇದನ್ನು ಮನೆಯಲ್ಲಿ ಬಿಚ್ಚಿ ಮಾತಾಡಿ.

ಈಗ ಅಪ್ಪನ ಮಾತು. ಮಗಳು ಊರ ಹತ್ತಿರ ಇರಲಿ ಎಂದು ಹೇಳಿದರೋ ಏನೋ, ಆದರೆ ಅವರು ತೋರಿಸಿದ ಬಾಗಿಲೇ ಅಜ್ಜಿಯ ಕಷ್ಟಕ್ಕೆ ಹೆಚ್ಚು ಹತ್ತಿರದ್ದು. ಸಹಕಾರ ಸಂಘಗಳ ಸಹಾಯಕ ನಿಬಂಧಕರಂಥ ಹುದ್ದೆಗಳು ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿಯ ದಾರಿಯಲ್ಲೇ ಬರುತ್ತವೆ. ಠೇವಣಿದಾರರ ಹಿತ ಕಾಯಲು ರಾಜ್ಯದಲ್ಲಿ 2004ರ ಕೆಪಿಐಡಿ ಕಾಯ್ದೆ ಇದೆ. ಅದರಡಿ ಮೋಸ ಮಾಡಿದ ಸಂಸ್ಥೆಯ ಆಸ್ತಿ ಜಪ್ತಿ ಮಾಡಿಸಿ ಠೇವಣಿದಾರರಿಗೆ ಹಂಚುವ 'ಸಕ್ಷಮ ಪ್ರಾಧಿಕಾರ'ವಾಗಿ ಸರ್ಕಾರ ನೇಮಿಸುವುದು ಉಪವಿಭಾಗಾಧಿಕಾರಿ ಅಥವಾ ಅದಕ್ಕೂ ಮೇಲಿನ ದರ್ಜೆಯವರನ್ನು. ಮುಂಬೈಯಲ್ಲಿ ಕೂತ ಆರ್‌ಬಿಐ ಅಧಿಕಾರಿಗೆ ಇಲ್ಲದ ಅಧಿಕಾರ ಇದು. ಕೆಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ವಯೋಮಿತಿಯೂ ಉದಾರ. ತೊಂದರೆ ಇರುವುದು ಕಾಲದ್ದು. 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರಿನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. ಕನ್ನಡವನ್ನೇ ನೆಚ್ಚಿ ಓದಿದ ಮಕ್ಕಳಿಗೆ ಇದರಿಂದಾದ ನೋವು ಸಣ್ಣದಲ್ಲ. ಅಧಿಸೂಚನೆ ಯಾವಾಗ ಬರುತ್ತದೆ, ನೇಮಕ ಯಾವಾಗ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಬದುಕು ಯೋಜಿಸಲಾಗದು. ಜೊತೆಗೆ ರ‍್ಯಾಂಕಿಗೆ ತಕ್ಕಂತೆ ಇಲಾಖೆ. ಸಹಕಾರ ಇಲಾಖೆಯೇ ಸಿಗುತ್ತದೆ ಎನ್ನುವಂತಿಲ್ಲ. ಸ್ಥಳೀಯ ಒತ್ತಡವೂ ಇರುತ್ತದೆ. ಸಂಘದ ಅಧ್ಯಕ್ಷರು, ಶಾಸಕರ ಕಡೆಯವರು, ಠೇವಣಿದಾರರು, ಮೂವರೂ ಒಂದೇ ದಿನ ನಿಮ್ಮ ಮೇಜಿನ ಮುಂದೆ ಕೂರುತ್ತಾರೆ.

ನಡುವೆ ಇನ್ನೊಂದು ದಾರಿಯಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ನಬಾರ್ಡ್ ಗ್ರೇಡ್ ಎ. ಸಹಕಾರ ಬ್ಯಾಂಕುಗಳ ತಪಾಸಣೆಯೂ ಅಲ್ಲುಂಟು, ಜಿಲ್ಲೆಗಳಲ್ಲಿ ನಿಂತು ಮಾಡುವ ಕೆಲಸವೂ ಉಂಟು. ಓದುವ ವಿಷಯಗಳಲ್ಲಿ ಗ್ರೇಡ್ ಬಿ ಜೊತೆ ಸಾಕಷ್ಟು ಹೊಂದಿಕೆಯಿದೆ.

ಕೊನೆಗೆ ಕನ್ನಡ ಮಾಧ್ಯಮದ ಅಳುಕು. ಇದು ಪೂರ್ತಿ ಸುಳ್ಳು ಭಯವೆಂದು ನಾನು ಹೇಳುವುದಿಲ್ಲ. ಗ್ರೇಡ್ ಬಿ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಇದು ನ್ಯಾಯವಲ್ಲ ಎಂದು ನಾನು ಸೇವೆಯಲ್ಲಿದ್ದಾಗಲೂ ಹೇಳಿದ್ದೇನೆ. ಎರಡನೇ ಹಂತದಲ್ಲಿ 300 ಅಂಕ. ಅದರಲ್ಲಿ 100 ಪೂರ್ತಿ ಇಂಗ್ಲಿಷ್ ಬರವಣಿಗೆಯದ್ದು. ಆರ್ಥಿಕ-ಸಾಮಾಜಿಕ ವಿಷಯ, ಹಣಕಾಸು-ನಿರ್ವಹಣೆ ಪತ್ರಿಕೆಗಳಲ್ಲೂ ಅರ್ಧದಷ್ಟು ವಿವರಣಾತ್ಮಕ ಉತ್ತರಗಳೇ, ಅದೂ ಕೀಲಿಮಣೆಯಲ್ಲಿ ಟೈಪ್ ಮಾಡಬೇಕು. ಆದರೆ ಅಲ್ಲಿ ಬೇಕಿರುವುದು ಅಲಂಕಾರದ ಇಂಗ್ಲಿಷ್ ಅಲ್ಲ, ಹೇಳಬೇಕಾದ್ದನ್ನು ತಿರುಚದೆ ಹೇಳುವ ಇಂಗ್ಲಿಷ್. ಕೆಲಸ ಮುಗಿಸಿ ಬಂದ ಮೇಲೆ ದಿನಕ್ಕೊಂದು ಆರ್‌ಬಿಐ ಸುತ್ತೋಲೆ ಓದಿ. ಅದು ಯಾರಿಗೆ, ಯಾಕೆ, ಏನು ಬದಲಿಸಿತು ಎಂಬುದನ್ನು ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಆಮೇಲೆ ಅದನ್ನು ನೋಡದೆ ಇಂಗ್ಲಿಷಿನಲ್ಲಿ ಒಂದು ಪುಟ ಟೈಪ್ ಮಾಡಿ. ಕನ್ನಡದಲ್ಲಿ ಬರೆಯಲಾಗದಿದ್ದರೆ ನಿಮಗೆ ಅದು ಅರ್ಥವಾಗಿಲ್ಲ ಎಂದೇ ಲೆಕ್ಕ. ನಾನು ಮಾರ್ಗದರ್ಶನ ಮಾಡಿದ ಕೆಲವರು ಎಂಟು ತಿಂಗಳು ಹೀಗೆ ಮಾಡಿ ದಾಟಿದ್ದಾರೆ. ಜೂನ್ ಮತ್ತು ಡಿಸೆಂಬರಿನ ಹಣಕಾಸು ಸ್ಥಿರತಾ ವರದಿ, ಕೇಂದ್ರದ ಆರ್ಥಿಕ ಸಮೀಕ್ಷೆ ಕೈಬಿಡಬೇಡಿ. ಕರ್ನಾಟಕದ ಆರ್ಥಿಕ ಸಮೀಕ್ಷೆ ಕನ್ನಡದಲ್ಲೂ ಬರುತ್ತದೆ, ಅದು ಕೆಎಎಸ್‌ಗೂ ಒದಗುತ್ತದೆ. ಮೊದಲ ಹಂತದ 200 ಅಂಕದಲ್ಲಿ 80 ಸಾಮಾನ್ಯ ಜ್ಞಾನದ್ದು. ಕೋಚಿಂಗ್ ಬೇಕೆನಿಸಿದರೆ ಇದಕ್ಕೂ ಅಣಕು ಪರೀಕ್ಷೆಗೂ ಆನ್‌ಲೈನ್‌ನಲ್ಲಿ ಸೇರಿಕೊಳ್ಳಿ, ಸಾಕು.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಬ್ಯಾಂಕಿನಲ್ಲಿ ಇರಿ. ಎರಡು ವರ್ಷ ಗ್ರೇಡ್ ಬಿ, ಸೆಬಿ, ನಬಾರ್ಡ್ ಮೂರನ್ನೂ ಬರೆಯಿರಿ. ಕೆಎಎಸ್ ಅಧಿಸೂಚನೆ ಬಂದರೆ ಅದನ್ನೂ ಬರೆಯಿರಿ. ಎರಡನೇ ಹಂತ ಮುಗಿದು ಸಂದರ್ಶನದ ಕರೆ ಬಂದಾಗ ಮಾತ್ರ ಉದ್ದನೆಯ ರಜೆ ಹಾಕಿ. ಎರಡು ವರ್ಷದ ನಂತರವೂ ಊರಿನ ಸಹಕಾರ ಸಂಘಗಳ ವಿಷಯವೇ ನಿಮ್ಮ ನಿದ್ದೆ ಕೆಡಿಸುತ್ತಿದ್ದರೆ ಕೆಎಎಸ್ ಕಡೆಗೇ ಪೂರ್ತಿ ವಾಲಿ.

ಅಜ್ಜಿಯ ಹಣಕ್ಕೆ ಇಷ್ಟು ದಿನ ಕಾಯಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಸಂಸ್ಥೆ ಸಮಾಪನೆಗೆ (ಅಧಿಕೃತವಾಗಿ ಮುಚ್ಚುವ ಪ್ರಕ್ರಿಯೆಗೆ) ಹೋಗಿದೆಯೇ, ಸಮಾಪನಾಧಿಕಾರಿ ನೇಮಕವಾಗಿದ್ದಾರೆಯೇ ಎಂದು ಸಹಕಾರ ಇಲಾಖೆಯ ಕಚೇರಿಯಲ್ಲಿ ಕೇಳಿ. ಕೆಪಿಐಡಿ ಪ್ರಕರಣ ದಾಖಲಾಗಿದೆಯೇ, ಸಕ್ಷಮ ಪ್ರಾಧಿಕಾರ ಯಾರು ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸೌಹಾರ್ದ ಸಂಸ್ಥೆಗಳ ಪ್ರಕರಣಗಳಲ್ಲೂ ಈ ಕಾಯ್ದೆ ಬಳಕೆಯಾಗಿದೆ. ಎಫ್‌ಡಿ ರಸೀದಿ, ಪಿಗ್ಮಿ ಪುಸ್ತಕದ ಮೂಲಪ್ರತಿ ಯಾರ ಕೈಗೂ ಕೊಡಬೇಡಿ. ನಕಲು ಲಗತ್ತಿಸಿ ಅಜ್ಜಿಯ ಸಹಿಯೊಂದಿಗೆ ಲಿಖಿತ ಕ್ಲೇಮು ಸಲ್ಲಿಸಿ, ಸ್ವೀಕೃತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.